ಟಾಪ್ ತೆರೆಯ ಒಂದೇ ಅಕ್ಷರ: ಪ್ರೊಸೆಸ್‌ಗಳ ಸ್ಥಿತಿಯನ್ನು ಓದುವ ಕ್ರಮ

ಕೊಡಗಿನ ತೋಟದ ಕಚೇರಿಗಳಲ್ಲಿ, ಶಾಲೆಗಳ ಕಂಪ್ಯೂಟರ್ ಕೊಠಡಿಗಳಲ್ಲಿ, ಹೋಂಸ್ಟೇಗಳ ಹಿಂಬದಿಯ ಕೋಣೆಗಳಲ್ಲಿ ಇರುವ ಸಣ್ಣ ಲಿನಕ್ಸ್ ಯಂತ್ರಗಳನ್ನು ನೋಡಿಕೊಳ್ಳುವವರು ಬಹುಮಟ್ಟಿಗೆ ಅದಕ್ಕೆಂದೇ ನೇಮಕಗೊಂಡವರಲ್ಲ. ತೋಟದ ರೈಟರೋ, ಗಣಿತದ ಮೇಷ್ಟರೋ, ಮನೆಯಲ್ಲಿ ಓದಿ ಬಂದ ಮಗಳೋ ಆ ಹೊಣೆಯನ್ನು ಬೇರೆ ಕೆಲಸದ ಜೊತೆಗೆ ಹೊತ್ತಿರುತ್ತಾರೆ. ಕಕ್ಕಡ ತಿಂಗಳ ಮಳೆಯಲ್ಲಿ ಲೈನಿನ ಮೇಲೆ ಮರ ಬಿದ್ದು, ಕರೆಂಟ್ ಹೋಗಿ ಬಂದು, ಯಂತ್ರ ಕೂತಲ್ಲೇ ಕೂತರೆ ಮೈಸೂರಿನಿಂದ ಯಾರಾದರೂ ಘಟ್ಟ ಹತ್ತಿ ಬರುವವರೆಗೆ ಕಾಯುವುದು ಸುಲಭವಲ್ಲ. ಅಂಥ ಹೊತ್ತಿನಲ್ಲಿ ಟರ್ಮಿನಲ್ ತೆರೆದು ಟಾಪ್ (top) ಅಥವಾ ಎಚ್‌ಟಾಪ್ (htop) ಕಮಾಂಡ್ ಓಡಿಸಿದವರಿಗೆ ತೆರೆಯ ತುಂಬ ಸಾಲುಗಳು ಕಾಣುತ್ತವೆ. ಅವುಗಳಲ್ಲಿ ಹೆಚ್ಚಿನವು ಒಂದೊಂದು ಪ್ರೊಸೆಸ್, ಅಂದರೆ ಯಂತ್ರದಲ್ಲಿ ಚಾಲನೆಯಲ್ಲಿರುವ ಒಂದೊಂದು ಪ್ರೋಗ್ರಾಂ. ಅವುಗಳನ್ನು ಹೇಗೆ ಓದಬೇಕು ಎಂಬುದನ್ನು ಇಲ್ಲಿ ವಿವರಿಸಿದೆ.

ಹೆಚ್ಚಿನವರ ಕಣ್ಣು ಮೊದಲು ಹೋಗುವುದು ಸಿಪಿಯು ಮತ್ತು ಮೆಮೊರಿಯ ಶೇಕಡಾವಾರು ಅಂಕಿಗಳ ಕಡೆಗೆ. ಟಾಪ್‌ನಲ್ಲಿ ಸಿಪಿಯು ಕಾಲಂಗೆ ಸ್ವಲ್ಪ ಎಡಕ್ಕೆ, ಎಸ್ ಎಂಬ ತಲೆಬರಹದ ಕೆಳಗೆ, ಪ್ರತಿ ಪ್ರೊಸೆಸ್‌ಗೆ ಒಂದೇ ಒಂದು ಅಕ್ಷರವಿರುತ್ತದೆ. ಆ ಅಕ್ಷರ ಪ್ರೊಸೆಸ್‌ನ ಸ್ಥಿತಿ. ಅದು ಓಡುತ್ತಿದೆಯೇ, ಕಾಯುತ್ತಿದೆಯೇ, ಕಾಯುತ್ತಿದ್ದರೆ ಎಂಥ ಕಾಯುವಿಕೆ, ನಾವು ನಿಲ್ಲಿಸಲು ಹೇಳಿದರೆ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿದೆಯೇ ಎಂಬುದನ್ನೆಲ್ಲ ಅದು ಹೇಳುತ್ತದೆ. ಪ್ರೊಸೆಸ್ ಒಂದನ್ನು ಕೊಲ್ಲುವ ಮೊದಲು ಅದು ಯಾವುದಕ್ಕಾಗಿ ಕಾದಿದೆ ಎಂದು ತಿಳಿದುಕೊಳ್ಳಬೇಕು. ಈ ಬರಹದ ಉಳಿದದ್ದೆಲ್ಲ ಈ ಒಂದು ಮಾತಿನ ವಿಸ್ತರಣೆ. ತೆರೆಯ ಮೇಲೆ ಅಕ್ಷರಗಳೂ ಕಮಾಂಡ್‌ಗಳೂ ಇಂಗ್ಲಿಷಿನಲ್ಲಿರುತ್ತವೆ. ಇಲ್ಲಿ ಅವುಗಳನ್ನು ಉಚ್ಚರಿಸುವಂತೆ ಆರ್, ಎಸ್, ಡಿ, ಟಿ, ಝಡ್, ಐ ಎಂದು ಬರೆದಿದೆ.

ಮೇಲಿನ ಐದು ಸಾಲುಗಳಿಂದ ಆರಂಭ

ಟಾಪ್ ಹಳೆಯ ಸಾಧನ. ವಿಲಿಯಂ ಲೆಫೆವರ್ ಅವರು 1984ರಲ್ಲಿ ಬಿಎಸ್‌ಡಿ ಯುನಿಕ್ಸ್‌ಗಾಗಿ ಅದನ್ನು ಬರೆದರು. ಇಂದಿನ ಲಿನಕ್ಸ್‌ನಲ್ಲಿರುವುದು ಬೇರೆಯವರು ಬರೆದ ಅದೇ ಹೆಸರಿನ ಪ್ರೋಗ್ರಾಂ, ಆದರೆ ತೆರೆಯ ವಿನ್ಯಾಸ ಹೆಚ್ಚು ಬದಲಾಗಿಲ್ಲ. ಮೊದಲ ಸಾಲಿನ ಕೊನೆಯಲ್ಲಿ ಲೋಡ್ ಆವರೇಜ್‌ನ, ಅಂದರೆ ಯಂತ್ರದ ಮೇಲಿರುವ ಕೆಲಸದ ಹೊರೆಯ, ಮೂರು ಅಂಕಿಗಳಿವೆ. ಅವು ಕ್ರಮವಾಗಿ ಕಳೆದ 1, 5 ಮತ್ತು 15 ನಿಮಿಷಗಳ ಸರಾಸರಿ. ಮೊದಲನೆಯದು ದೊಡ್ಡದಾಗಿದ್ದು ಮೂರನೆಯದು ಚಿಕ್ಕದಾಗಿದ್ದರೆ ತೊಂದರೆ ಈಗಷ್ಟೇ ಶುರುವಾಗಿದೆ, ತಿರುಗುಮುರುಗಾಗಿದ್ದರೆ ಇಳಿಯುತ್ತಿದೆ. ಎರಡನೆಯ ಸಾಲು ಒಟ್ಟು ಪ್ರೊಸೆಸ್‌ಗಳೆಷ್ಟು, ಅವುಗಳಲ್ಲಿ ಓಡುತ್ತಿರುವವು, ಮಲಗಿರುವವು, ನಿಂತಿರುವವು ಮತ್ತು ಝಾಂಬಿಗಳು ಎಷ್ಟೆಷ್ಟು ಎಂದು ಲೆಕ್ಕ ಕೊಡುತ್ತದೆ. ಈ ಸಾಲಿನಲ್ಲಿ ಒಂದು ಕೊರತೆಯಿದೆ: ಟಾಪ್‌ನ ಅನೇಕ ಆವೃತ್ತಿಗಳಲ್ಲಿ ಡಿ ಸ್ಥಿತಿಯವುಗಳಿಗೆ ಇಲ್ಲಿ ಪ್ರತ್ಯೇಕ ಎಣಿಕೆಯಿಲ್ಲ, ಅವು ಮಲಗಿರುವವುಗಳ ಗುಂಪಿನಲ್ಲೇ ಸೇರಿಹೋಗುತ್ತವೆ. ಹಾಗಾಗಿ ಈ ಸಾಲನ್ನು ಮಾತ್ರ ನೋಡಿ ಎಲ್ಲವೂ ಸರಿಯಿದೆ ಎಂದು ತೀರ್ಮಾನಿಸುವಂತಿಲ್ಲ. ಮೂರನೆಯ ಸಾಲಿನಲ್ಲಿ ಸಿಪಿಯು ಸಮಯದ ಹಂಚಿಕೆಯಿದೆ. ಅದರಲ್ಲಿ ಐಡಿ ಎಂದರೆ ಸಿಪಿಯು ಸುಮ್ಮನಿದ್ದ ಪಾಲು, ಡಬ್ಲ್ಯುಎ ಎಂದರೆ ಡಿಸ್ಕಿನಂಥ ಸಾಧನದ ಉತ್ತರಕ್ಕಾಗಿ ಕೆಲಸ ಬಾಕಿಯಿದ್ದಾಗ ಸುಮ್ಮನಿದ್ದ ಪಾಲು. ಈ ಎರಡು ಅಂಕಿಗಳು ಮುಂದೆ ಬೇಕಾಗುತ್ತವೆ. ಉಳಿದ ಎರಡು ಸಾಲುಗಳು ಮೆಮೊರಿ ಮತ್ತು ಸ್ವಾಪ್‌ಗೆ (ಮೆಮೊರಿ ಸಾಲದಾದಾಗ ಬಳಸುವ ಡಿಸ್ಕಿನ ಜಾಗಕ್ಕೆ) ಸಂಬಂಧಿಸಿದವು.

ತೆರೆಯ ಮೇಲಿರುವುದು ಒಂದು ಕ್ಷಣದ ಚಿತ್ರ ಎಂಬುದನ್ನು ಮರೆಯಬಾರದು. ಲಿನಕ್ಸ್‌ನ ಟಾಪ್ ಸಾಮಾನ್ಯವಾಗಿ 3 ಸೆಕೆಂಡಿಗೊಮ್ಮೆ ನೋಡುತ್ತದೆ. ನಡುವಿನ ಅವಧಿಯಲ್ಲಿ ಪ್ರೊಸೆಸ್ ನೂರಾರು ಬಾರಿ ಸ್ಥಿತಿ ಬದಲಿಸಿರಬಹುದು. ಟಾಪ್ ತನ್ನನ್ನು ತಾನೇ ಯಾವಾಗಲೂ ಆರ್ ಎಂದು ತೋರಿಸಿಕೊಳ್ಳುವುದಕ್ಕೂ ಇದೇ ಕಾರಣ, ಏಕೆಂದರೆ ನೋಡುವ ಆ ಕ್ಷಣದಲ್ಲಿ ಅದು ಓಡುತ್ತಲೇ ಇರಬೇಕು. ಒಮ್ಮೆ ಕಂಡ ಅಕ್ಷರಕ್ಕಿಂತ ಸತತವಾಗಿ ಅದೇ ಪ್ರೊಸೆಸ್‌ನ ಮುಂದೆ ಉಳಿದುಕೊಂಡ ಅಕ್ಷರಕ್ಕೆ ಬೆಲೆ ಹೆಚ್ಚು.

ಎಸ್ ಮತ್ತು ಆರ್: ದಿನನಿತ್ಯದ ಸ್ಥಿತಿಗಳು

ಆರೋಗ್ಯವಂತ ಯಂತ್ರದಲ್ಲಿ ಬಹುಪಾಲು ಸಾಲುಗಳ ಮುಂದೆ ಎಸ್ ಇರುತ್ತದೆ. ಪ್ರೊಸೆಸ್ ಮಲಗಿದೆ, ಆದರೆ ಯಾವ ಸಿಗ್ನಲ್ (ಪ್ರೊಸೆಸ್‌ಗೆ ಕಳಿಸುವ ಸೂಚನೆ) ಬಂದರೂ ಎಚ್ಚರಗೊಳ್ಳುತ್ತದೆ ಎಂದು ಇದರ ಅರ್ಥ. ವೆಬ್ ಸರ್ವರ್ ಹೊಸ ಕೋರಿಕೆಗಾಗಿ, ಶೆಲ್ ನಿಮ್ಮ ಮುಂದಿನ ಕಮಾಂಡಿಗಾಗಿ, ಮಳೆಮಾಪಕದ ಅಂಕಿಗಳನ್ನು ದಾಖಲಿಸುವ ಪ್ರೋಗ್ರಾಂ ಮುಂದಿನ ನಿಮಿಷಕ್ಕಾಗಿ ಹೀಗೆ ಕಾಯುತ್ತವೆ. ಎಸ್ ಕಂಡು ಪ್ರೊಸೆಸ್ ಸ್ಥಗಿತಗೊಂಡಿದೆಯೆಂದು ಭಾವಿಸಿ ಅದನ್ನು ಕೊಲ್ಲುವವರಿದ್ದಾರೆ. ಹಾಗೆ ಮಾಡಿದರೆ ಸರಿಯಾಗಿದ್ದ ಸೇವೆಯನ್ನು ನಾವೇ ಕೆಡಿಸಿದಂತಾಗುತ್ತದೆ.

ಆರ್ ಎಂಬುದಕ್ಕೆ ಎರಡು ಮುಖಗಳಿವೆ: ಪ್ರೊಸೆಸ್ ಸಿಪಿಯು ಮೇಲೆ ಈಗ ಓಡುತ್ತಿರಬಹುದು, ಇಲ್ಲವೇ ಓಡಲು ಸಿದ್ಧವಾಗಿ ಸರದಿಯಲ್ಲಿ ನಿಂತಿರಬಹುದು. ಕಾಫಿ ಕೊಯ್ಲಿನ ದಿನಗಳಲ್ಲಿ ಸಂಜೆ ತೂಕದ ಜಾಗಕ್ಕೆ ಬಂದವರನ್ನು ನೆನಪಿಸಿಕೊಳ್ಳಿ. ತಕ್ಕಡಿಯ ಮೇಲೆ ಚೀಲ ಇಟ್ಟವರೂ, ಹಿಂದೆ ಚೀಲ ಹಿಡಿದು ನಿಂತವರೂ ತೂಕಕ್ಕೆ ಸಿದ್ಧರಾದವರೇ, ಆದರೆ ಒಂದು ತಕ್ಕಡಿಯಲ್ಲಿ ಒಂದು ಹೊತ್ತಿಗೆ ಒಬ್ಬರದ್ದಷ್ಟೇ ತೂಗುತ್ತದೆ. ನಾಲ್ಕು ಕೋರ್‌ಗಳ ಯಂತ್ರದಲ್ಲಿ ಹನ್ನೊಂದು ಪ್ರೊಸೆಸ್‌ಗಳ ಮುಂದೆ ಆರ್ ಕಂಡರೆ ನಿಜವಾಗಿ ಓಡುತ್ತಿರುವವು ಹೆಚ್ಚೆಂದರೆ ನಾಲ್ಕು. ಎಷ್ಟು ಕೋರ್‌ಗಳಿವೆ ಎಂದು ಎನ್‌ಪ್ರಾಕ್ ಕಮಾಂಡ್ ಹೇಳುತ್ತದೆ. ಆರ್ ಸಂಖ್ಯೆ ಕೋರ್‌ಗಳ ಸಂಖ್ಯೆಯನ್ನು ಮೀರಿ ಬಹಳ ಹೊತ್ತು ಉಳಿದರೆ, ಅದರ ಜೊತೆಗೆ ಐಡಿ ಸೊನ್ನೆಯ ಹತ್ತಿರವಿದ್ದರೆ, ಸಿಪಿಯು ನಿಜವಾಗಿಯೂ ಸಾಲದಾಗಿದೆ. ಆಗ ತುರ್ತಿಲ್ಲದ ಕೆಲಸವನ್ನು ಕೊಲ್ಲದೆ, ರಿನೈಸ್ ಕಮಾಂಡಿನಿಂದ ಅದರ ಆದ್ಯತೆಯನ್ನು ಇಳಿಸಬಹುದು. ನೈಸ್ ಅಂಕಿ −20ರಿಂದ 19ರವರೆಗೆ ಇರುತ್ತದೆ. ಅಂಕಿ ಹೆಚ್ಚಿದಷ್ಟೂ ಆ ಪ್ರೊಸೆಸ್ ಇತರರಿಗೆ ದಾರಿ ಬಿಡುತ್ತದೆ.

ಡಿ: ಎಲ್ಲಕ್ಕಿಂತ ಎಚ್ಚರದಿಂದ ನೋಡಬೇಕಾದ ಸ್ಥಿತಿ

ಡಿ ಸ್ಥಿತಿಯಲ್ಲಿರುವ ಪ್ರೊಸೆಸ್ ಕೂಡ ಮಲಗಿದೆ, ಆದರೆ ಅದನ್ನು ಸಿಗ್ನಲ್‌ನಿಂದ ಎಬ್ಬಿಸಲಾಗದು. ಅದು ಲಿನಕ್ಸ್‌ನ ತಿರುಳಾದ ಕರ್ನಲ್‌ನ ಒಳಗೆ, ಹೆಚ್ಚಾಗಿ ಡಿಸ್ಕ್ ಅಥವಾ ನೆಟ್‌ವರ್ಕ್ ಮೇಲಿನ ಫೈಲ್ ವ್ಯವಸ್ಥೆಯಿಂದ ಬರಬೇಕಾದ ಉತ್ತರಕ್ಕಾಗಿ ಕಾದಿರುತ್ತದೆ. ಡಿಸ್ಕಿಗೆ ಕೆಲಸ ಒಪ್ಪಿಸಿಯಾಗಿದೆ, ಆ ಕೆಲಸದ ಮೆಮೊರಿ ಪುಟ ಇನ್ನೂ ಡಿಸ್ಕಿನ ಕೈಯಲ್ಲಿದೆ, ಬೇರೆ ಪ್ರೊಸೆಸ್‌ಗಳು ಮುಟ್ಟದಂತೆ ತಡೆಯುವ ಕೆಲವು ಬೀಗಗಳನ್ನೂ ಅದು ಹಿಡಿದಿರಬಹುದು. ನಡುವೆಯೇ ಪ್ರೊಸೆಸ್ ಎದ್ದು ಹೊರಟರೆ ಫೈಲ್ ವ್ಯವಸ್ಥೆಯ ಲೆಕ್ಕ ತಪ್ಪುತ್ತದೆ. ಆ ಅನಾಹುತ ತಪ್ಪಿಸಲೆಂದೇ ಕರ್ನಲ್ ಅದನ್ನು ಅಲುಗಾಡಲು ಬಿಡುವುದಿಲ್ಲ. ಬಲವಂತವಾಗಿ ಮುಗಿಸುವ ಸಿಗ್‌ಕಿಲ್ ಸಿಗ್ನಲನ್ನು ಕಿಲ್ ಹೈಫನ್ 9 ಎಂದು ಕೊಟ್ಟರೂ ಅದು ಬಾಕಿ ಉಳಿಯುತ್ತದೆಯೇ ಹೊರತು ಕೆಲಸ ಮಾಡುವುದಿಲ್ಲ; ಪ್ರೊಸೆಸ್ ಎಚ್ಚರಗೊಂಡ ಮೇಲಷ್ಟೇ ಅದು ಜಾರಿಯಾಗುತ್ತದೆ. 2008ರಲ್ಲಿ ಬಂದ 2.6.25ನೆಯ ಕರ್ನಲ್‌ನಿಂದೀಚೆಗೆ ಇಂಥ ಕೆಲವು ಕಾಯುವಿಕೆಗಳನ್ನು, ಮುಖ್ಯವಾಗಿ ಎನ್‌ಎಫ್‌ಎಸ್‌ಗೆ (ಬೇರೆ ಯಂತ್ರದ ಫೋಲ್ಡರನ್ನು ನೆಟ್‌ವರ್ಕ್ ಮೂಲಕ ಬಳಸುವ ವ್ಯವಸ್ಥೆಗೆ) ಸಂಬಂಧಿಸಿದವುಗಳನ್ನು, ಸಿಗ್‌ಕಿಲ್‌ನಿಂದ ಮುರಿಯಲು ಅವಕಾಶವಿದೆ. ಆದರೆ ಅವೂ ತೆರೆಯ ಮೇಲೆ ಡಿ ಎಂದೇ ಕಾಣುವುದರಿಂದ ಯಾವುದು ಮುರಿಯುತ್ತದೆ, ಯಾವುದು ಇಲ್ಲ ಎಂದು ಅಕ್ಷರ ನೋಡಿ ಹೇಳಲಾಗದು.

ಕ್ಷಣಮಾತ್ರ ಡಿ ಕಾಣುವುದು ಸಹಜ. ದೊಡ್ಡ ಫೈಲ್ ನಕಲಿಸುವಾಗ, ಬ್ಯಾಕಪ್ ನಡೆಯುವಾಗ ಅದು ಬಂದು ಹೋಗುತ್ತದೆ. ಅದೇ ಪ್ರೊಸೆಸ್ ಬಿಡದೆ ಡಿಯಲ್ಲೇ ಇದ್ದರೆ ಮಾತ್ರ ಕಾರಣ ಹುಡುಕಬೇಕು. ಇದರ ದೊಡ್ಡ ಸುಳಿವು ಮೇಲಿನ ಸಾಲುಗಳಲ್ಲೇ ಸಿಗುತ್ತದೆ: ಲೋಡ್ ಆವರೇಜ್ 9 ಅಥವಾ 10 ಇದೆ, ಆದರೆ ಸಿಪಿಯು ನೋಡಿದರೆ ಶೇಕಡಾ 90ಕ್ಕೂ ಹೆಚ್ಚು ಸುಮ್ಮನಿದೆ. ಲಿನಕ್ಸ್‌ನ ಲೋಡ್ ಲೆಕ್ಕದಲ್ಲಿ ಓಡುವವುಗಳ ಜೊತೆಗೆ ಡಿ ಸ್ಥಿತಿಯವುಗಳನ್ನೂ 1993ರಿಂದ ಸೇರಿಸಲಾಗುತ್ತಿದೆ. ಈ ವಿಷಯ ತಿಳಿಯದವರು ಇಂಥ ಹೊತ್ತಿನಲ್ಲಿ ಹೆಚ್ಚು ಶಕ್ತಿಯ ಸಿಪಿಯು ಬೇಕೆಂದು ತಿಳಿಯುತ್ತಾರೆ. ಸಂದೇಹ ಪರಿಹರಿಸಿಕೊಳ್ಳಲು ವಿಎಂಸ್ಟ್ಯಾಟ್ 2 ಎಂದು ಟೈಪ್ ಮಾಡಿ. ಅದು 2 ಸೆಕೆಂಡಿಗೊಂದು ಸಾಲು ಬರೆಯುತ್ತದೆ. ಮೊದಲ ಕಾಲಂ ಆರ್ ಸ್ಥಿತಿಯವುಗಳ ಎಣಿಕೆ, ಬಿ ಎಂಬ ಎರಡನೆಯ ಕಾಲಂ ಡಿ ಸ್ಥಿತಿಯವುಗಳ ಎಣಿಕೆ. ಮೊದಲ ಸಾಲಿನಲ್ಲಿರುವ ಹಲವು ಅಂಕಿಗಳು ಯಂತ್ರ ಶುರುವಾದಾಗಿನಿಂದ ಈವರೆಗಿನ ಸರಾಸರಿಯಾದ್ದರಿಂದ ಅದನ್ನು ಬಿಟ್ಟು ಎರಡನೆಯ ಸಾಲಿನಿಂದ ಓದಬೇಕು.

ಯಾವುದಕ್ಕಾಗಿ ಕಾದಿದೆ ಎಂಬುದನ್ನು ತಿಳಿಯಲು ಪಿಎಸ್ ಕಮಾಂಡ್ ಸಾಕು. ಹೈಫನ್‌ನ ನಂತರ ಇ ಮತ್ತು ಓ ಅಕ್ಷರಗಳನ್ನು ಕೊಟ್ಟು, ಸ್ಟೇಟ್, ಪಿಐಡಿ, ಪಿಪಿಐಡಿ, ಡಬ್ಲ್ಯುಚಾನ್, ಸಿಎಂಡಿ ಎಂಬ ಕಾಲಂ ಹೆಸರುಗಳನ್ನು ನಡುವೆ ಖಾಲಿ ಬಿಡದೆ ಅಲ್ಪವಿರಾಮ ಹಾಕಿ ಬರೆಯಿರಿ. ಡಬ್ಲ್ಯುಚಾನ್ ಎಂಬುದರ ಪಕ್ಕ ವಿವರಣ ಚಿಹ್ನೆಯನ್ನೂ (:) 32 ಎಂಬ ಅಂಕಿಯನ್ನೂ ಸೇರಿಸಿದರೆ ಆ ಕಾಲಂ ಅಗಲವಾಗಿ, ಹೆಸರು ಪೂರ್ತಿ ಕಾಣುತ್ತದೆ. ಇದನ್ನು ರೂಟ್ ಅಧಿಕಾರದಿಂದ ಓಡಿಸುವುದು ಒಳ್ಳೆಯದು. ಡಬ್ಲ್ಯುಚಾನ್ ಕಾಲಂನಲ್ಲಿ ಪ್ರೊಸೆಸ್ ಕರ್ನಲ್‌ನ ಯಾವ ಫಂಕ್ಷನ್ನಿನಲ್ಲಿ ಮಲಗಿದೆ ಎಂಬ ಹೆಸರಿರುತ್ತದೆ. ಆ ಹೆಸರಿನಲ್ಲಿ ಎನ್‌ಎಫ್‌ಎಸ್ ಅಥವಾ ಆರ್‌ಪಿಸಿ ಎಂಬ ಅಕ್ಷರಗಳಿದ್ದರೆ ನೆಟ್‌ವರ್ಕ್ ಕಡೆ ನೋಡಿ. ಜೆಬಿಡಿ2 ಎಂದಿದ್ದರೆ ಎಕ್ಸ್ಟ್4 ಫೈಲ್ ವ್ಯವಸ್ಥೆಯ ಜರ್ನಲ್ ಬರೆಯುವುದಕ್ಕಾಗಿ ಕಾದಿದೆ, ಅಂದರೆ ಡಿಸ್ಕ್ ಕಡೆ ನೋಡಿ. ಜೊತೆಗೆ, ಕರ್ನಲ್ ಬರೆದ ಸಂದೇಶಗಳನ್ನು ತೋರಿಸುವ ಡಿಮೆಸೇಜ್ (dmesg) ಕಮಾಂಡಿನ ಕೊನೆಯ ಸಾಲುಗಳನ್ನು ಓದಿ. ಪ್ರೊಸೆಸ್ ಒಂದು ಡಿಯಲ್ಲಿ 120 ಸೆಕೆಂಡಿಗಿಂತ ಹೆಚ್ಚು ಸಿಕ್ಕಿಕೊಂಡರೆ ಅನೇಕ ಲಿನಕ್ಸ್ ವ್ಯವಸ್ಥೆಗಳಲ್ಲಿ ಕರ್ನಲ್ ತಾನಾಗಿಯೇ ಅಲ್ಲಿ ಎಚ್ಚರಿಕೆ ಬರೆದಿರುತ್ತದೆ, ಡಿಸ್ಕ್ ಓದುವಲ್ಲಿ ದೋಷವಿದ್ದರೂ ಅಲ್ಲೇ ಕಾಣುತ್ತದೆ.

ನಮ್ಮ ಕಡೆಯ ಮಳೆಗಾಲದಲ್ಲಿ ಮೊದಲು ಸಂದೇಹಿಸಬೇಕಾದದ್ದು ನೆಟ್‌ವರ್ಕ್ ಫೋಲ್ಡರನ್ನು. ಶಾಲೆಯ ಕಂಪ್ಯೂಟರ್‌ಗಳೆಲ್ಲ ಮಕ್ಕಳ ಫೈಲ್‌ಗಳನ್ನು ಒಂದು ಸರ್ವರ್‌ನಲ್ಲಿ ಎನ್‌ಎಫ್‌ಎಸ್ ಮೂಲಕ ಇಟ್ಟಿವೆ ಎಂದುಕೊಳ್ಳಿ. ಕರೆಂಟ್ ಹೋದಾಗ ಸರ್ವರ್ ಯುಪಿಎಸ್ ಮೇಲೆ ನಡೆಯುತ್ತಿದೆ, ಕಂಪ್ಯೂಟರ್‌ಗಳೂ ನಡೆಯುತ್ತಿವೆ, ಆದರೆ ಗೋಡೆಯ ಮೇಲಿನ ನೆಟ್‌ವರ್ಕ್ ಸ್ವಿಚ್ ಮಾತ್ರ ಯುಪಿಎಸ್‌ಗೆ ಸೇರಿಲ್ಲ. ಆ ಕ್ಷಣದಿಂದ ಫೋಲ್ಡರ್ ಮುಟ್ಟಿದ ಪ್ರತಿಯೊಂದು ಪ್ರೊಸೆಸ್ ಡಿಗೆ ಇಳಿಯುತ್ತದೆ. ಎನ್‌ಎಫ್‌ಎಸ್‌ನ ಮೂಲ ನಡವಳಿಕೆಯೇ ಹಾರ್ಡ್ ಮೌಂಟ್. ಸರ್ವರ್ ಮತ್ತೆ ಸಿಗುವವರೆಗೆ ಅದು ಕೇಳುತ್ತಲೇ ಇರುತ್ತದೆ. ಸ್ವಿಚ್ಚಿಗೆ ಕರೆಂಟ್ ಕೊಟ್ಟರೆ ಎಲ್ಲವೂ ಬಿಟ್ಟಲ್ಲಿಂದ ಮುಂದುವರಿಯುತ್ತವೆ, ಬರೆಯುತ್ತಿದ್ದ ಫೈಲ್ ಕೂಡ ಉಳಿಯುತ್ತದೆ. ಆದ್ದರಿಂದ ಗಾಬರಿಯಿಂದ ಯಂತ್ರಗಳ ಗುಂಡಿ ಒತ್ತಿ ಆರಿಸುವುದಕ್ಕಿಂತ ಸ್ವಿಚ್ಚಿನ ದೀಪಗಳನ್ನು ನೋಡುವುದು ಮೊದಲ ಕೆಲಸವಾಗಬೇಕು, ಮತ್ತು ಸ್ವಿಚ್ಚನ್ನೂ ಯುಪಿಎಸ್‌ಗೆ ಜೋಡಿಸುವುದು ಎರಡನೆಯದು. ಕಾಯಲಾಗದೆಂದು ಸಾಫ್ಟ್ ಮೌಂಟ್‌ಗೆ ಬದಲಿಸಲು ಕೆಲವರು ಸಲಹೆ ಕೊಡುತ್ತಾರೆ. ಬರೆಯುವ ಫೋಲ್ಡರ್‌ಗಳಿಗೆ ನಾನು ಅದನ್ನು ಒಪ್ಪುವುದಿಲ್ಲ, ಏಕೆಂದರೆ ಅದು ಕೆಲವು ಪ್ರಯತ್ನಗಳ ನಂತರ ಕೈಬಿಡುತ್ತದೆ ಮತ್ತು ಮಾಹಿತಿ ಕೆಡುವ ಸಾಧ್ಯತೆಯಿದೆ. ಇನ್ನೊಂದು ಎಚ್ಚರಿಕೆ: ಫೋಲ್ಡರ್ ಸಿಕ್ಕಿಕೊಂಡಿರುವಾಗ ಡಿಎಫ್ ಅನ್ನು, ಅಥವಾ ಆ ಫೋಲ್ಡರಿನ ಮೇಲೆ ಎಲ್‌ಎಸ್ ಅನ್ನು ಓಡಿಸಿದರೆ ಆ ಕಮಾಂಡ್ ಕೂಡ ಡಿಯಲ್ಲಿ ಸಿಕ್ಕಿಬೀಳುತ್ತದೆ. ಡಿಎಫ್‌ಗೆ ಹೈಫನ್ ಎಲ್ ಸೇರಿಸಿದರೆ ಅದು ಯಂತ್ರದೊಳಗಿನ ಡಿಸ್ಕ್‌ಗಳನ್ನಷ್ಟೇ ನೋಡುತ್ತದೆ.

ಎರಡನೆಯ ಕಾರಣ ಡಿಸ್ಕ್. ಯುಎಸ್‌ಬಿಗೆ ಸಿಕ್ಕಿಸಿದ ಹೊರಗಿನ ಡಿಸ್ಕಿಗೆ ಸಾಕಷ್ಟು ವಿದ್ಯುತ್ ಸಿಗದಿದ್ದರೆ, ಕೇಬಲ್ ಸಡಿಲವಾಗಿದ್ದರೆ, ಅಥವಾ ಡಿಸ್ಕ್ ಹಾಳಾಗುತ್ತಿದ್ದರೆ ಕರ್ನಲ್ ಒಂದೇ ಜಾಗವನ್ನು ಮತ್ತೆ ಮತ್ತೆ ಓದಲು ಪ್ರಯತ್ನಿಸುತ್ತದೆ, ಪ್ರೊಸೆಸ್ ಅಷ್ಟು ಹೊತ್ತೂ ಡಿಯಲ್ಲಿರುತ್ತದೆ. ಡಿಮೆಸೇಜ್‌ನಲ್ಲಿ ದೋಷದ ಸಾಲುಗಳು ಕಂಡರೆ ಬೇರೆ ಯಾವ ಪ್ರಯೋಗಕ್ಕೂ ಮುನ್ನ ಮುಖ್ಯ ಫೈಲ್‌ಗಳನ್ನು ಬೇರೆಡೆಗೆ ನಕಲಿಸಿಕೊಳ್ಳಿ. ಮೂರನೆಯ ಕಾರಣ ಮೆಮೊರಿಯ ಕೊರತೆ: ವಿಎಂಸ್ಟ್ಯಾಟ್‌ನ ಎಸ್‌ಐ, ಎಸ್‌ಒ ಕಾಲಂಗಳಲ್ಲಿ ಸೊನ್ನೆಯ ಬದಲು ದೊಡ್ಡ ಅಂಕಿಗಳು ಸತತವಾಗಿ ಬರುತ್ತಿದ್ದರೆ ಪುಟಗಳು ಸ್ವಾಪ್‌ಗೆ ಹೋಗಿ ಬರುತ್ತಿವೆ, ಡಿ ಅದರ ಫಲ. ಆಗ ಹೆಚ್ಚು ಮೆಮೊರಿ ತಿನ್ನುವ ಪ್ರೋಗ್ರಾಂ ಮುಚ್ಚಿದರೆ ಸಾಕು, ಡಿಸ್ಕ್ ಬದಲಿಸಬೇಕಾಗಿಲ್ಲ. ಮೂರೂ ಅಲ್ಲವೆಂದಾದಾಗ ಮಾತ್ರ ಯಂತ್ರವನ್ನು ಮರುಚಾಲನೆ ಮಾಡುವ ಯೋಚನೆ ಬರಲಿ. ಸಿಕ್ಕಿಕೊಂಡ ಫೋಲ್ಡರನ್ನು ಕಳಚಲು ಹೋಗಿ ಮರುಚಾಲನೆಯೂ ಅರ್ಧದಲ್ಲಿ ನಿಲ್ಲಬಹುದು ಎಂಬುದು ಗೊತ್ತಿರಲಿ.

ಟಿ, ಝಡ್ ಮತ್ತು ಐ

ಟಿ ಎಂದರೆ ಪ್ರೊಸೆಸ್ಸನ್ನು ಯಾರೋ ನಿಲ್ಲಿಸಿದ್ದಾರೆ. ಹೆಚ್ಚಿನ ಸಲ ಅದು ಟರ್ಮಿನಲ್‌ನಲ್ಲಿ ಕಂಟ್ರೋಲ್ ಮತ್ತು ಝಡ್ ಕೀಲಿಗಳನ್ನು ಒಟ್ಟಿಗೆ ಒತ್ತಿದ್ದರ ಪರಿಣಾಮ. ಒತ್ತಿದವರು ಪ್ರೋಗ್ರಾಂ ಮುಗಿಯಿತೆಂದು ತಿಳಿದಿರುತ್ತಾರೆ. ಅದು ಸಿಪಿಯು ಬಳಸುವುದಿಲ್ಲ, ಆದರೆ ಮೆಮೊರಿ, ತೆರೆದ ಫೈಲ್, ಹಿಡಿದ ಬೀಗ ಎಲ್ಲವೂ ಅದರ ಬಳಿಯೇ ಇರುತ್ತವೆ. ಲೆಕ್ಕದ ಡೇಟಾಬೇಸ್ ತೆರೆಯುತ್ತಿಲ್ಲವೆಂಬ ದೂರಿನ ಹಿಂದೆ ಇಂಥ ಒಂದು ಪ್ರೊಸೆಸ್ ಇರಬಹುದು. ಅದೇ ಟರ್ಮಿನಲ್‌ನಲ್ಲಿ ಜಾಬ್ಸ್ ಎಂದರೆ ಪಟ್ಟಿ ಬರುತ್ತದೆ. ಎಫ್‌ಜಿ ಎಂದರೆ ಅದು ಮುಂದಕ್ಕೆ ಬಂದು ಓಡುತ್ತದೆ, ಬಿಜಿ ಎಂದರೆ ಹಿನ್ನೆಲೆಯಲ್ಲಿ ಓಡುತ್ತದೆ. ಬೇರೆ ಟರ್ಮಿನಲ್‌ನಿಂದಾದರೆ ಕಿಲ್ ಕಮಾಂಡಿನ ಮೂಲಕ, ಮತ್ತೆ ಓಡು ಎನ್ನುವ ಸಿಗ್‌ಕಂಟ್ ಸಿಗ್ನಲ್ ಕಳಿಸಿ. ನಿಂತ ಪ್ರೊಸೆಸ್‌ಗೆ, ಕೆಲಸ ಮುಗಿಸು ಎನ್ನುವ ಸಿಗ್‌ಟರ್ಮ್ ಸಿಗ್ನಲ್ ಕಳಿಸಿದರೆ ಅದು ಮತ್ತೆ ಓಡುವವರೆಗೆ ಬಾಕಿಯಿರುತ್ತದೆ. ಹಾಗಾಗಿ ಮೊದಲು ಸಿಗ್‌ಟರ್ಮ್, ನಂತರ ಸಿಗ್‌ಕಂಟ್ ಕಳಿಸಿದರೆ ಅದು ತನ್ನ ಫೈಲ್‌ಗಳನ್ನು ಮುಚ್ಚಿ ಕ್ರಮವಾಗಿ ಮುಗಿಯಲು ಅವಕಾಶ ಸಿಗುತ್ತದೆ. ಸಣ್ಣ ಅಕ್ಷರದ ಟಿ ಕಂಡರೆ ಡಿಬಗ್ಗರ್ ಒಂದು ಅದನ್ನು ಹಿಡಿದಿದೆ.

ಝಡ್, ಅಂದರೆ ಝಾಂಬಿ, ಹೆಸರಿನಷ್ಟು ಭಯಾನಕವಲ್ಲ. ಆ ಪ್ರೊಸೆಸ್ ಆಗಲೇ ಮುಗಿದಿದೆ. ಅದರ ಮೆಮೊರಿ, ಫೈಲ್‌ಗಳು ಬಿಡುಗಡೆಯಾಗಿವೆ. ಅದು ಹೇಗೆ ಮುಗಿಯಿತು ಎಂಬ ಫಲಿತಾಂಶವನ್ನು ಅದನ್ನು ಶುರು ಮಾಡಿದ ತಾಯಿ ಪ್ರೊಸೆಸ್ ವೇಟ್ ಎಂಬ ಕರೆಯಿಂದ ಓದಿಕೊಳ್ಳುವವರೆಗೆ ಪ್ರೊಸೆಸ್ ಪಟ್ಟಿಯಲ್ಲಿ ಒಂದು ಸಾಲು ಮಾತ್ರ ಉಳಿದಿರುತ್ತದೆ. ಸತ್ತದ್ದನ್ನು ಮತ್ತೆ ಕೊಲ್ಲಲಾಗದು, ಕಿಲ್ ಇಲ್ಲಿ ವ್ಯರ್ಥ. ಪಿಪಿಐಡಿ ಕಾಲಂನಿಂದ ತಾಯಿ ಯಾರೆಂದು ನೋಡಿ. ಎಚ್‌ಟಾಪ್‌ನಲ್ಲಿ ಎಫ್5 ಒತ್ತಿದರೆ ಮರದ ಕೊಂಬೆಗಳಂತೆ ಸಂಬಂಧವೇ ಕಾಣುತ್ತದೆ. ತಾಯಿ ಪ್ರೊಸೆಸ್ ಮುಗಿದರೆ ಅದರ ಝಾಂಬಿ ಮಕ್ಕಳು ಸಾಮಾನ್ಯವಾಗಿ 1ನೆಯ ಪ್ರೊಸೆಸ್‌ನ ವಶಕ್ಕೆ ಹೋಗುತ್ತವೆ, ಅದು ಅವನ್ನು ತಕ್ಷಣ ತೆರವುಗೊಳಿಸುತ್ತದೆ. ಒಂದೆರಡು ಝಾಂಬಿಗಳಿಂದ ತೊಂದರೆಯಿಲ್ಲ. ದಿನದಿಂದ ದಿನಕ್ಕೆ ಅವು ಹೆಚ್ಚುತ್ತಿದ್ದರೆ ತಾಯಿ ಪ್ರೋಗ್ರಾಂ ಬರೆದವರಿಗೆ ತಿಳಿಸಬೇಕು, ಏಕೆಂದರೆ ಪ್ರೊಸೆಸ್ ಸಂಖ್ಯೆಗಳಿಗೆ ಮಿತಿಯಿದೆ, ಹಳೆಯ ವ್ಯವಸ್ಥೆಗಳಲ್ಲಿ ಅದು 32768 ಮಾತ್ರ.

ಐ ಎಂಬುದು ಲಿನಕ್ಸ್‌ನಲ್ಲಿ ಕರ್ನಲ್‌ನದೇ ಕೆಲಸಗಾರ ಎಳೆಗಳು (ಥ್ರೆಡ್‌ಗಳು) ಕೆಲಸವಿಲ್ಲದೆ ಸುಮ್ಮನಿರುವ ಸ್ಥಿತಿ. 2017ರಲ್ಲಿ ಬಂದ 4.14ನೆಯ ಕರ್ನಲ್‌ನಿಂದ ಅದು ಪ್ರತ್ಯೇಕ ಅಕ್ಷರವಾಗಿ ಕಾಣುತ್ತದೆ, ಲೋಡ್ ಲೆಕ್ಕಕ್ಕೆ ಸೇರುವುದಿಲ್ಲ. ಅದನ್ನು ಬಿಟ್ಟುಬಿಡಿ.

ಅಕ್ಷರದ ಪಕ್ಕದ ಗುರುತುಗಳು, ಬೇರೆ ಯುನಿಕ್ಸ್‌ಗಳು

ಪಿಎಸ್‌ನ ಸ್ಟ್ಯಾಟ್ ಕಾಲಂನಲ್ಲಿ ಮುಖ್ಯ ಅಕ್ಷರದ ಮುಂದೆ ಇನ್ನೂ ಕೆಲವು ಗುರುತುಗಳಿರುತ್ತವೆ. ಸಣ್ಣ ಎಸ್ ಎಂದರೆ ಸೆಷನ್ನಿನ ಮುಖಂಡ, ಸಣ್ಣ ಎಲ್ ಎಂದರೆ ಒಳಗೆ ಬೇರೆ ಬೇರೆಯಾಗಿ ಓಡುವ ಹಲವು ಥ್ರೆಡ್‌ಗಳಿರುವ ಪ್ರೊಸೆಸ್, ಕೂಡುವ ಚಿಹ್ನೆ ಎಂದರೆ ಟರ್ಮಿನಲ್‌ನ ಮುಂಚೂಣಿಯಲ್ಲಿರುವುದು, ದೊಡ್ಡ ಎನ್ ಎಂದರೆ ಆದ್ಯತೆ ಇಳಿಸಿದ್ದು. ಇವುಗಳಲ್ಲಿ ಸಣ್ಣ ಎಲ್ ಮುಖ್ಯ. ಅಂಥ ಪ್ರೊಸೆಸ್‌ಗೆ ತೋರುವ ಅಕ್ಷರ ಅದರ ಮುಖ್ಯ ಥ್ರೆಡ್‌ನದು. ಮುಖ್ಯ ಥ್ರೆಡ್ ಎಸ್‌ನಲ್ಲಿ ಹಾಯಾಗಿರುವಾಗಲೇ ಒಳಗಿನ ಇನ್ನೊಂದು ಥ್ರೆಡ್ ಡಿಯಲ್ಲಿ ಸಿಕ್ಕಿರಬಹುದು. ಟಾಪ್ ಓಡುತ್ತಿರುವಾಗ ದೊಡ್ಡ ಎಚ್ ಒತ್ತಿದರೆ ಥ್ರೆಡ್‌ಗಳೆಲ್ಲ ಬೇರೆ ಬೇರೆ ಸಾಲುಗಳಾಗಿ ಬರುತ್ತವೆ. ಪ್ರೋಗ್ರಾಂ ಉತ್ತರಿಸುತ್ತಿಲ್ಲ, ಆದರೆ ಅಕ್ಷರದಲ್ಲಿ ದೋಷ ಕಾಣುತ್ತಿಲ್ಲ ಎಂಬ ಸಂದರ್ಭದಲ್ಲಿ ಇದನ್ನು ತಪ್ಪದೆ ಮಾಡಿ.

ಮ್ಯಾಕ್ ಅಥವಾ ಫ್ರೀಬಿಎಸ್‌ಡಿ ಬಳಸುವವರು ಇದೇ ಅರ್ಥಗಳನ್ನು ಹಾಗೆಯೇ ಹೊತ್ತೊಯ್ಯಬಾರದು. ಅಲ್ಲಿನ ಪಿಎಸ್‌ನಲ್ಲಿ ಐ ಎಂದರೆ ಸುಮಾರು 20 ಸೆಕೆಂಡಿಗಿಂತ ಹೆಚ್ಚು ಹೊತ್ತು ಮಲಗಿರುವ ಸಾಮಾನ್ಯ ಪ್ರೊಸೆಸ್. ಅದಕ್ಕಿಂತ ಕಡಿಮೆ ಹೊತ್ತಾಗಿದ್ದರೆ ಎಸ್. ಲಿನಕ್ಸ್‌ನ ಡಿಗೆ ಸಮನಾದ ಸ್ಥಿತಿ ಮ್ಯಾಕ್‌ನಲ್ಲಿ ಯು ಎಂಬ ಅಕ್ಷರ.

ರಾತ್ರಿಯ ತೊಂದರೆಯನ್ನು ಬೆಳಿಗ್ಗೆ ಓದಲು

ಸಿಕ್ಕಿಕೊಳ್ಳುವಿಕೆ ನಾವು ಯಂತ್ರದ ಮುಂದೆ ಕುಳಿತಿರುವಾಗಲೇ ಆಗಬೇಕೆಂದಿಲ್ಲ. ಮೇಲೆ ಹೇಳಿದ ಪಿಎಸ್ ಕಮಾಂಡಿನ ಫಲಿತಾಂಶದಲ್ಲಿ ಡಿಯಿಂದ ಆರಂಭವಾಗುವ ಸಾಲುಗಳನ್ನು ಗ್ರೆಪ್‌ನಿಂದ ಆರಿಸಿ, ಜೊತೆಗೆ ದಿನಾಂಕ ಮತ್ತು ಲೋಡ್ ಆವರೇಜ್ ಸೇರಿಸಿ, ನಿಗದಿತ ಹೊತ್ತಿಗೆ ಕಮಾಂಡ್ ಓಡಿಸುವ ಕ್ರಾನ್ ಮೂಲಕ ನಿಮಿಷಕ್ಕೊಮ್ಮೆ ಒಂದು ಫೈಲಿಗೆ ಬರೆಯಿಸಿ. ಕರ್ನಲ್ 4.20 ಅಥವಾ ಅದಕ್ಕಿಂತ ಹೊಸದಾಗಿದ್ದು, ಪ್ರಾಕ್ ಫೋಲ್ಡರಿನ ಒಳಗೆ ಪ್ರೆಷರ್ ಎಂಬ ಫೋಲ್ಡರ್ ಇದ್ದರೆ, ಅಲ್ಲಿರುವ ಐಒ ಫೈಲನ್ನೂ ಸೇರಿಸಿ. ಕಳೆದ 10, 60 ಮತ್ತು 300 ಸೆಕೆಂಡುಗಳಲ್ಲಿ ಕೆಲಸಗಳು ಸಾಧನಗಳಿಗಾಗಿ ಕಾದು ಕಳೆದ ಸಮಯದ ಶೇಕಡಾವಾರು ಅದರಲ್ಲಿರುತ್ತದೆ. ಬೆಳಿಗ್ಗೆ ಆ ಫೈಲ್ ತೆರೆದಾಗ ಮೊದಲು ಡಿಗೆ ಇಳಿದ ಪ್ರೊಸೆಸ್ ಯಾವುದು, ಆಗಿನ ಡಬ್ಲ್ಯುಚಾನ್ ಹೆಸರೇನು ಎಂಬುದನ್ನು ನೋಡಿ; ನಂತರ ಇಳಿದವು ಬಹುಮಟ್ಟಿಗೆ ಅದರ ಬಾಲ ಹಿಡಿದವು. ಈ ಫೈಲನ್ನು ಸಂದೇಹವಿರುವ ಡಿಸ್ಕಿನಲ್ಲಾಗಲಿ ನೆಟ್‌ವರ್ಕ್ ಫೋಲ್ಡರಿನಲ್ಲಾಗಲಿ ಇಡಬೇಡಿ, ಇಟ್ಟರೆ ದಾಖಲಿಸುವ ಪ್ರೊಸೆಸ್ಸೇ ಡಿಯಲ್ಲಿ ಸಿಕ್ಕಿಕೊಂಡು ಬೇಕಾದ ಹೊತ್ತಿನ ಸಾಲುಗಳೇ ಇಲ್ಲದಂತಾಗುತ್ತವೆ. ಬೇರೊಂದು ಪೆನ್‌ಡ್ರೈವ್ ಸಾಕು. ಅದೂ ಇಲ್ಲದಿದ್ದರೆ ರನ್ ಎಂಬ ಫೋಲ್ಡರಿನಲ್ಲಿ ಇಡಬಹುದು. ಅದು ಮೆಮೊರಿಯಲ್ಲೇ ಇರುವುದರಿಂದ ಡಿಸ್ಕ್ ಕೈಕೊಟ್ಟರೂ ಬರೆಯುತ್ತದೆ, ಆದರೆ ಯಂತ್ರ ಮರುಚಾಲನೆಯಾದರೆ ಅಳಿಸಿಹೋಗುತ್ತದೆ, ಆದ್ದರಿಂದ ಅದಕ್ಕೂ ಮುನ್ನ ಫೈಲನ್ನು ಬೇರೆಡೆಗೆ ನಕಲಿಸಿಕೊಳ್ಳಬೇಕು.